ಆವಣಿ ಬೆಟ್ಟ: ಸಾವಿರ ವರ್ಷದ ಕ್ಷೇತ್ರ, ಶಿವರಾತ್ರಿಯ ಜಾತ್ರೆ

ಕೋಲಾರ ಜಿಲ್ಲೆ ಎಂದೊಡನೆ ನಗರವಾಸಿಗಳ ನೆನಪಿಗೆ ಮೊದಲು ಬರುವುದು ಚಿನ್ನದ ಗಣಿ. ಅದರ ನಂತರ ಬಂಗಾರಪೇಟೆಯ ಪಾನಿಪುರಿ, ಕಮ್ಮಸಂದ್ರದ ಕೋಟಿಲಿಂಗ. ಆದರೆ ಕೆಜಿಎಫ್‌ನಿಂದ ಸುಮಾರು ಹತ್ತು ಮೈಲಿ ದೂರದಲ್ಲಿ, ಗಣಿಗಳಿಗಿಂತ ಒಂಬತ್ತು ಶತಮಾನಗಳಷ್ಟು ಹಳೆಯದಾದ ಕ್ಷೇತ್ರವೊಂದು ಬೆಟ್ಟದ ಬುಡದಲ್ಲಿ ನೆಲೆಸಿದೆ. ಅದುವೇ ಮುಳಬಾಗಿಲು ತಾಲ್ಲೂಕಿನ ಆವಣಿ. ವರ್ಷದ ಬಹುಕಾಲ ಶಾಂತವಾಗಿರುವ ಈ ಗ್ರಾಮ ಮಹಾಶಿವರಾತ್ರಿ ಬಂತೆಂದರೆ ಎಚ್ಚರಗೊಳ್ಳುತ್ತದೆ. ರಾಮಲಿಂಗೇಶ್ವರನ ತೇರು, ಅದರ ಸುತ್ತ ನೆರೆಯುವ ದನಗಳ ಜಾತ್ರೆ, ಬೆಟ್ಟದ ಮೇಲಿನ ಸೀತಮ್ಮನ ದರ್ಶನ ಇವು ಮೂರೂ ಸೇರಿ ಆವಣಿ ಜಾತ್ರೆ ಎನಿಸಿಕೊಳ್ಳುತ್ತವೆ.

ಈ ಜಾತ್ರೆ ಇಲ್ಲಿಯೇ ಏಕೆ ನೆಲೆಗೊಂಡಿತು, ಇದೇ ಕಾಲದಲ್ಲಿ ಏಕೆ ನಡೆಯುತ್ತದೆ, ಇಂದು ಅದರ ಯಾವ ಭಾಗ ಗಟ್ಟಿಯಾಗಿದೆ, ಯಾವ ಭಾಗ ಸಡಿಲಗೊಳ್ಳುತ್ತಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಒಂದು ಊರು ತನ್ನ ಹಬ್ಬವನ್ನೂ, ಹಬ್ಬ ತನ್ನ ಊರನ್ನೂ ಉಳಿಸಿಕೊಳ್ಳುವ ಬಗೆ ತಿಳಿಯುತ್ತದೆ.

ಸೀತೆಯ ಬೆಟ್ಟ

ಮುಳಬಾಗಿಲಿನಿಂದ ಸುಮಾರು 13 ಕಿ.ಮೀ., ಕೋಲಾರದಿಂದ 32 ಕಿ.ಮೀ. ದೂರದಲ್ಲಿರುವ ಆವಣಿಗೆ ಬೆನ್ನಾಗಿ ನಿಂತಿರುವುದು ಬರಿಯ ಬಂಡೆಗಳ ಬೆಟ್ಟ. ಜನರ ನಂಬಿಕೆಯಂತೆ ಇದು ವಾಲ್ಮೀಕಿ ಮಹರ್ಷಿಗಳ ಆಶ್ರಮವಿದ್ದ ತಾಣ. ಗರ್ಭಿಣಿಯಾದ ಸೀತೆ ಕಾಡಿಗೆ ಬಂದಾಗ ಆಶ್ರಯ ಪಡೆದದ್ದು ಇಲ್ಲಿ. ಲವ-ಕುಶರನ್ನು ಹೆತ್ತದ್ದು ಇಲ್ಲಿ. ಆ ಮಕ್ಕಳು ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿ ತಂದೆಯ ಸೈನ್ಯದೊಡನೆ ಕಾದಿದ್ದೂ ಇಲ್ಲಿಯೇ. ಮಕ್ಕಳೆಂದು ಅರಿಯದೆ ಅವರೊಡನೆ ಯುದ್ಧ ಮಾಡಿದ ದೋಷ ಕಳೆದುಕೊಳ್ಳಲು ರಾಮ ಮತ್ತು ಸಹೋದರರು ಒಬ್ಬೊಬ್ಬರೂ ಒಂದೊಂದು ಶಿವಲಿಂಗ ಸ್ಥಾಪಿಸಿದರು ಎಂಬುದು ಸ್ಥಳಪುರಾಣ.

ಬೆಟ್ಟ ಹತ್ತುವ ಭಕ್ತರಿಗೆ ದಾರಿಯುದ್ದಕ್ಕೂ ಈ ಕಥೆಯ ಗುರುತುಗಳು ಎದುರಾಗುತ್ತವೆ. ವಾಲ್ಮೀಕಿಯ ಗುಹೆ, ಸೀತೆಯ ಬಾಣಂತಿ ಕೋಣೆ, ಲಕ್ಷ್ಮಣ ತೀರ್ಥ, ಧನುಷ್ಕೋಟಿ ಹೀಗೆ ಒಂದೊಂದು ಬಂಡೆಗೂ ಒಂದೊಂದು ಹೆಸರಿದೆ. ಮೇಲ್ಭಾಗದಲ್ಲಿ ಸೀತಾ-ಪಾರ್ವತಿ ದೇಗುಲವಿದೆ. ದೇಶದಲ್ಲಿ ಸೀತೆಗೆಂದೇ ಮೀಸಲಾದ ಗುಡಿಗಳು ವಿರಳ. ಆ ವಿರಳ ಗುಡಿಗಳಲ್ಲಿ ಇದೂ ಒಂದು. ಸಂತಾನಾಪೇಕ್ಷೆಯಿಂದ ಇಲ್ಲಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಇಂದಿಗೂ ಕಡಿಮೆಯಾಗಿಲ್ಲ. ಪತಿಯಿಂದ ದೂರವಾಗಿ ಒಬ್ಬಳೇ ಮಕ್ಕಳನ್ನು ಹೆತ್ತು ಸಾಕಿದ ತಾಯಿಯ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳುವುದು ಅವರಿಗೆ ಸಹಜವೆನಿಸುತ್ತದೆ.

ಶಾಸನಗಳು ಹೇಳುವ ಆವಣಿ

ಪುರಾಣವನ್ನು ಬದಿಗಿಟ್ಟು ಇತಿಹಾಸವನ್ನು ನೋಡಿದರೂ ಆವಣಿ ಸಣ್ಣ ಊರಲ್ಲ. ಶಾಸನಗಳಲ್ಲಿ ಇದರ ಹೆಸರು ‘ಆವನ್ಯ’. ತಲಕಾಡಿಗೆ ಹೋಗುವ ಮೊದಲು ಕುವಲಾಲ, ಅಂದರೆ ಇಂದಿನ ಕೋಲಾರವನ್ನು ರಾಜಧಾನಿ ಮಾಡಿಕೊಂಡಿದ್ದ ಗಂಗರ ಸೀಮೆಯಿದು. ಅನಂತರ ನೊಳಂಬರ ಪ್ರಭಾವಕ್ಕೆ ಒಳಪಟ್ಟಿತು. ಇಂದಿನ ಆಂಧ್ರಪ್ರದೇಶದ ಗಡಿಯೊಳಗಿರುವ ಹೇಮಾವತಿಯನ್ನು ರಾಜಧಾನಿ ಮಾಡಿಕೊಂಡು ನೊಳಂಬವಾಡಿಯನ್ನು ಆಳಿದ ನೊಳಂಬರು ರಾಜಕೀಯವಾಗಿ ದೊಡ್ಡ ಸಾಮ್ರಾಜ್ಯ ಕಟ್ಟಿದವರಲ್ಲ. ಆದರೆ ಶಿಲ್ಪಕಲೆಯಲ್ಲಿ ಅವರದು ದೊಡ್ಡ ಹೆಸರು. ಮಹೇಂದ್ರ ನೊಳಂಬನ ರಾಣಿ ದೀವಬ್ಬರಸಿಯ ಹೆಸರು ಆವಣಿಯ ಶಾಸನಗಳಲ್ಲಿ ಬರುತ್ತದೆ.

ಆದರೆ ಊರಿನ ಚಹರೆಯನ್ನು ರೂಪಿಸಿದವನು ಅರಸನಲ್ಲ, ಒಬ್ಬ ಶೈವ ಯತಿ. ತ್ರಿಭುವನಕರ್ತ ಎಂಬ ಈ ಯತಿ ನಲವತ್ತು ವರ್ಷ ಕಾಲ ಆವನ್ಯ ಸ್ಥಾನದ ಆಡಳಿತ ನಡೆಸಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ.ಶ. 961ರಲ್ಲಿ ದೇಹಬಿಟ್ಟನೆಂದು ಶಾಸನ ತಿಳಿಸುತ್ತದೆ. ಅವನನ್ನು ‘ಕಲಿಯುಗ ರುದ್ರ’ ಎಂದು ಕರೆದಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಗುಡಿಗಳ ಜೊತೆಗೆ ಬಂದಿರುವ ಕೆರೆಗಳ ಮಾತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್ ಕೂಡ ಮಳೆಗಾಲದ ಹೊಳೆ. ಕೆರೆಗಳನ್ನೇ ನಂಬಿದ ನಾಡಿನಲ್ಲಿ ಸಾವಿರಾರು ಜನ, ಸಾವಿರಾರು ದನ ಒಂದೆಡೆ ಹತ್ತು ದಿನ ಬೀಡುಬಿಡಬೇಕಾದರೆ ಮೊದಲು ಬೇಕಾದುದು ನೀರು. ದೇವರನ್ನು ನೆಲೆಗೊಳಿಸಿದ ಯತಿಯೇ ನೀರನ್ನೂ ನಿಲ್ಲಿಸಿದ್ದರಿಂದ ಆವಣಿ ನಾಲ್ಕು ಸೀಮೆಯ ಜನ ಬಂದು ಸೇರಬಲ್ಲ ಸ್ಥಳವಾಯಿತು.

ಬೆಟ್ಟದ ಕೆಳಗೆ ಒಂದೇ ಪ್ರಾಕಾರದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ದೇಗುಲಗಳಿವೆ. ಇವುಗಳಲ್ಲಿ ಲಕ್ಷ್ಮಣೇಶ್ವರ ದೇವಾಲಯದ ಗೋಡೆಯ ಕೆತ್ತನೆಯೇ ಹೆಚ್ಚು ಸೊಗಸು. ಮಂಡಪದ ನಡುಛಾವಣಿಯಲ್ಲಿ ಉಮಾಮಹೇಶ್ವರನನ್ನು ಅಷ್ಟದಿಕ್ಪಾಲಕರು ಸುತ್ತುವರಿದಿದ್ದಾರೆ. ನೊಳಂಬರು ಹತ್ತನೆಯ ಶತಮಾನದಲ್ಲಿ ಕಟ್ಟಿದ ಗುಡಿಗಳಿಗೆ ಮುಂದೆ ಚೋಳರ, ವಿಜಯನಗರದವರ ಕಾಲದಲ್ಲಿ ಮಂಡಪ, ಕಂಬಗಳು ಸೇರಿಕೊಂಡವು. ಕನ್ನಡದ ಜೊತೆಗೆ ತಮಿಳು ಶಾಸನಗಳೂ ಈ ಸೀಮೆಯಲ್ಲಿ ಇರಲು ಚೋಳರ ಆಳ್ವಿಕೆಯೇ ಕಾರಣ. ಶೃಂಗೇರಿ ಪರಂಪರೆಯ ಅದ್ವೈತ ಮಠವೊಂದು ಆವಣಿಯಲ್ಲಿ ನೆಲೆಸಿದ್ದು ತೀರ ಈಚಿನ ಕೆಲ ಶತಮಾನಗಳಲ್ಲಿ. ದೇಗುಲ ಸಮೂಹ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಶಿವರಾತ್ರಿಯೇ ಏಕೆ?

ಮಾಘ ಮಾಸದ ಬಹುಳ ಚತುರ್ದಶಿಯಂದು ಮಹಾಶಿವರಾತ್ರಿ. ಇಂಗ್ಲಿಷ್ ಲೆಕ್ಕದಲ್ಲಿ ಫೆಬ್ರುವರಿ ಅಥವಾ ಮಾರ್ಚ್. ರಾಮಲಿಂಗೇಶ್ವರ ಶಿವನೇ ಆದ್ದರಿಂದ ತೇರು ಅಂದೇ ಸುಮಾರಿಗೆ ನಡೆಯುವುದು ಸಹಜ. ಆದರೆ ದನಗಳ ಜಾತ್ರೆಯೂ ಅದೇ ಹೊತ್ತಿಗೆ ಕೂಡಿಬಂದಿರುವುದಕ್ಕೆ ಬೇಸಾಯದ ಲೆಕ್ಕಾಚಾರವಿದೆ.

ಕೋಲಾರದ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆ ರಾಗಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಕೊಯ್ಲು, ಕಣದ ಕೆಲಸ ನಡೆದು, ಶಿವರಾತ್ರಿಯ ವೇಳೆಗೆ ಧಾನ್ಯ ಮನೆ ಸೇರಿರುತ್ತದೆ. ಹುಲ್ಲಿನ ಮೆದೆ ಎದ್ದಿರುತ್ತದೆ. ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಹೊಲದಲ್ಲಿ ಕೆಲಸವಿಲ್ಲ, ದಾರಿಯಲ್ಲಿ ಮಳೆಯಿಲ್ಲ. ಶಿವರಾತ್ರಿಗೂ ಯುಗಾದಿಗೂ ನಡುವೆ ಸುಮಾರು ಒಂದು ತಿಂಗಳ ಅಂತರ. ಹಳೆ ಮೈಸೂರು ಸೀಮೆಯ ರೈತ ವರ್ಷದ ಮೊದಲ ಉಳುಮೆಗೆ ಮುಹೂರ್ತ ಹಾಕುವುದು ಯುಗಾದಿಯಲ್ಲಿ. ಜಾತ್ರೆಯಲ್ಲಿ ಕೊಂಡ ಹೊಸ ಜೋಡಿಯನ್ನು ಮನೆಗೆ ತಂದು, ಮೇಯಿಸಿ, ನೊಗಕ್ಕೆ ಪಳಗಿಸಿಕೊಳ್ಳಲು ಆ ಒಂದು ತಿಂಗಳು ಸಾಕಾಗುತ್ತಿತ್ತು. ಮಾರುವವನಿಗಾದರೂ ಅಷ್ಟೆ, ಬೇಸಿಗೆಯಲ್ಲಿ ಮೇವು ತೀರುವ ಮುನ್ನ ಹೆಚ್ಚಿನ ದನವನ್ನು ಸಾಗಹಾಕುವ ಅವಕಾಶ ಇದೊಂದೇ.

ಇದರೊಡನೆ ಆವಣಿಯ ನೆಲೆಯೂ ಮುಖ್ಯ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಗಡಿ ಕೂಡುವ ಮೂಲೆ ಈ ಜಿಲ್ಲೆ. ಆಂಧ್ರದ ಚಿತ್ತೂರು ಕಡೆಯವರು, ತಮಿಳುನಾಡಿನ ಕೃಷ್ಣಗಿರಿ ಕಡೆಯವರು, ನಮ್ಮ ಬಯಲುಸೀಮೆಯವರು ಇಲ್ಲಿಗೆ ಬರಲು ಹೆಚ್ಚು ನಡೆಯಬೇಕಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳಲ್ಲಿ ಚೌಕಾಸಿ ನಡೆಯುವ ಜಾತ್ರೆ ಇದಾದದ್ದು ಹಾಗೆ.

ಟವೆಲಿನ ಮರೆಯ ವ್ಯಾಪಾರ

ಜಾತ್ರೆಗೆ ಬರುವ ದನಗಳಲ್ಲಿ ಹೆಸರಾದದ್ದು ಹಳ್ಳಿಕಾರ್ ತಳಿ. ಬೂದು ಮೈಬಣ್ಣ, ನೀಳ ಮುಖ, ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗುವ ಚೂಪು ಕೊಂಬು ಇದರ ಲಕ್ಷಣ. ಹಾಲು ಕಡಿಮೆ, ಆದರೆ ಉಳುಮೆಗೆ, ಗಾಡಿಗೆ ಇದಕ್ಕೆ ಸರಿಸಾಟಿಯಿಲ್ಲ. ಮೈಸೂರು ಅರಸರ ಸೇನೆಯಲ್ಲಿ ಫಿರಂಗಿ, ಸಾಮಾನು ಎಳೆದ ಅಮೃತಮಹಲ್ ತಳಿಗೂ ಮೂಲ ಇದೇ. ಆ ಸೇನೆಯನ್ನು ನಡೆಸಿದ ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದೂ ಪಕ್ಕದ ಬಂಗಾರಪೇಟೆ ತಾಲ್ಲೂಕಿನಲ್ಲಿ.

ಒಳ್ಳೆಯ ಜೋಡಿಯನ್ನು ತಂದ ರೈತ ಅದಕ್ಕೆ ಚಪ್ಪರ ಹಾಕಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸುತ್ತಾನೆ. ಕೊಳ್ಳುವವನು ಮೊದಲು ನೋಡುವುದು ಬಾಯಿ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದೆಯೇ, ನಾಲ್ಕೇ, ಆರೇ, ಬಾಯಿ ಕೂಡಿದೆಯೇ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಅನಂತರ ಸುಳಿ. ಹಣೆಯ ಮೇಲೆ, ಬೆನ್ನ ಮೇಲೆ ಕೂದಲ ಸುಳಿ ಎಲ್ಲಿದೆ ಎಂಬುದನ್ನು ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ಇಂದಿಗೂ ಇದ್ದಾರೆ. ಕೊನೆಗೆ ನಡಿಗೆ. ನಾಲ್ಕು ಹೆಜ್ಜೆ ಓಡಿಸಿ ನೋಡದೆ ಯಾರೂ ಕೈ ಹಾಕುವುದಿಲ್ಲ.

ಬೆಲೆ ಮಾತ್ರ ಬಾಯಿಬಿಟ್ಟು ಹೇಳುವಂತಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲಿನ ಮರೆಯಲ್ಲಿ ಕೈಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಮಾರುವವನ ಮಾನ ಉಳಿಯಬೇಕು, ಪಕ್ಕದ ಜೋಡಿಯ ಬೆಲೆ ಕೆಡಬಾರದು ಎಂಬುದು ಈ ಗುಟ್ಟಿನ ಹಿಂದಿನ ವಿವೇಕ. ವ್ಯಾಪಾರ ಕುದುರಿದ ಮೇಲೆ ಹೊಸ ಹಗ್ಗ, ಮೂಗುದಾರ, ಬಾರುಕೋಲು ಕೊಳ್ಳುವ ಅಂಗಡಿಗಳ ಸಾಲು. ಹೆಂಗಸರಿಗೆ ಬಳೆ, ಮಕ್ಕಳಿಗೆ ಕಡಲೆಪುರಿ, ಬತ್ತಾಸು. ತೇರಿನ ಮೇಲೆ ಬಾಳೆಹಣ್ಣು, ದವನ ಎಸೆದು ಕೈಮುಗಿದರೆ ಜಾತ್ರೆ ಮುಗಿದಂತೆ.

ಇಟಲಿಯ ಒಂದು ಬೆಟ್ಟದೂರು

ಬೆಟ್ಟ, ಹಳೆಯ ಊರು, ಅದನ್ನು ಹಿಡಿದಿಟ್ಟ ಹಬ್ಬ ಎಂಬ ಈ ಕೂಟ ಆವಣಿಗಷ್ಟೇ ಸೀಮಿತವಲ್ಲ. ಕೆಜಿಎಫ್ ಗಣಿಗಳ ಆರಂಭದ ದಿನಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರ ಜೊತೆಗೆ ಇಟಲಿಯ ಗಣಿ ಕೆಲಸಗಾರರೂ ದುಡಿದಿದ್ದರು. ಅವರ ನಾಡಿನಲ್ಲಿ ಇಂಥ ಬೆಟ್ಟದೂರುಗಳು ಅನೇಕ. ಅಂಬ್ರಿಯಾ ಪ್ರಾಂತದ ಗುಬ್ಬಿಯೊ ಅವುಗಳಲ್ಲಿ ಒಂದು. (ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೆ.) ಅಲ್ಲಿ 1160ರ ಮೇ 16ರಂದು ತೀರಿಕೊಂಡ ಉಬಾಲ್ದೊ ಎಂಬ ಬಿಷಪ್ ಊರಿನ ಪಾಲಕ ಸಂತ. ಅವನ ಹಬ್ಬದ ಹಿಂದಿನ ದಿನವಾದ ಮೇ 15ರಂದು ಊರ ಜನ ಮರದ ಮೂರು ಎತ್ತರದ ಕಂಬಗಳನ್ನು ಹೆಗಲ ಮೇಲೆ ಹೊತ್ತು ಬೀದಿಗಳಲ್ಲಿ ಓಡಿ, ಇಂಜಿನೊ ಬೆಟ್ಟದ ಮೇಲಿನ ಅವನ ಗುಡಿಗೆ ತಲುಪಿಸುತ್ತಾರೆ. ಒಂದೊಂದರ ತೂಕ ಹತ್ತಿರ ಹತ್ತಿರ ಮುನ್ನೂರು ಕಿಲೊ. ಒಂದರ ಮೇಲೆ ಸಂತ ಉಬಾಲ್ದೊ, ಇನ್ನೊಂದರ ಮೇಲೆ ಸಂತ ಜಾರ್ಜ್, ಮತ್ತೊಂದರ ಮೇಲೆ ಸಂತ ಆಂಟನಿ. ಕ್ರಮವಾಗಿ ಗಾರೆ ಕೆಲಸದವರು, ವರ್ತಕರು, ರೈತರು ಇವುಗಳಿಗೆ ಹೆಗಲು ಕೊಡುವ ಸಂಪ್ರದಾಯ.

ಇದು ಓಟವಾದರೂ ಇದರಲ್ಲಿ ಗೆಲ್ಲುವವರಿಲ್ಲ. ಉಬಾಲ್ದೊನ ಕಂಬವೇ ಸದಾ ಮುಂದು. ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ. ಕಂಬ ಬೀಳದಂತೆ, ವಾಲದಂತೆ, ಅಂತರ ಬೆಳೆಯದಂತೆ ಒಯ್ಯುವುದೇ ಪಂಥ. ಮೊದಲ ಮಹಾಯುದ್ಧದ ಕಾಲದಲ್ಲಿ ಗುಬ್ಬಿಯೊದ ಸೈನಿಕರು 1917ರಲ್ಲಿ ರಣರಂಗದ ಬೆಟ್ಟದಲ್ಲೇ ಈ ಓಟ ನಡೆಸಿದರು. ಕಲ್ಲಿದ್ದಲು ಗಣಿಗಳ ಕೆಲಸ ಅರಸಿ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದವರು ಜೆಸ್ಸಪ್ ಎಂಬ ಊರಿನಲ್ಲಿ ಈ ಹಬ್ಬವನ್ನು ಮುಂದುವರಿಸಿದ್ದಾರೆ. ಈಗ ಈ ಹಬ್ಬಕ್ಕೆ ಪ್ರವಾಸಿಗರು ಹಿಂಡುಹಿಂಡಾಗಿ ಬರುತ್ತಾರೆ. ಆದರೆ ಹಬ್ಬ ನಿಂತಿರುವುದು ನೋಡಲು ಬಂದವರಿಂದಲ್ಲ. ಊರಿನ ಪ್ರತಿ ಮನೆಗೂ ತಾನು ಯಾವ ಕಂಬದವನೆಂಬುದು ಗೊತ್ತಿದೆ. ಹೆಗಲು ಕೊಡುವುದು ಯಾವ ತಿರುವಿನಲ್ಲಿ ಎಂಬುದೂ ಗೊತ್ತಿದೆ.

ಸಡಿಲಗೊಂಡ ಹುರಿ

ಈ ಹಿನ್ನೆಲೆಯಲ್ಲಿ ಆವಣಿಯನ್ನು ನೋಡಿದರೆ ಅದರ ಜಾತ್ರೆ ಎರಡು ಹುರಿಗಳ ಹಗ್ಗದಂತೆ ಕಾಣುತ್ತದೆ. ಒಂದು ಭಕ್ತಿ, ಇನ್ನೊಂದು ಬೇಸಾಯ. ಭಕ್ತಿಯ ಹುರಿ ಗಟ್ಟಿಯಾಗಿದೆ. ಶಿವರಾತ್ರಿಗೆ ಬೆಟ್ಟ ಹತ್ತುವವರಿಗೆ ಕೊರತೆಯಿಲ್ಲ. ಸಡಿಲಗೊಂಡಿರುವುದು ಎರಡನೆಯ ಹುರಿ.

ಮೊದಲ ಕಾರಣ ಟ್ರಾಕ್ಟರ್. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಉಳುಮೆ ಸಿಗುವಾಗ ವರ್ಷವಿಡೀ ಒಂದು ಜೋಡಿ ಎತ್ತನ್ನು ಸಾಕುವ ಸಣ್ಣ ರೈತರು ಕಡಿಮೆ. ಎರಡನೆಯದು ಹೈನುಗಾರಿಕೆ. ಚಿನ್ನ, ರೇಷ್ಮೆ, ಹಾಲು ಈ ಮೂರಕ್ಕೆ ಹೆಸರಾದ ಜಿಲ್ಲೆಯಲ್ಲಿ ಚಿನ್ನ ಮುಗಿದ ಮೇಲೆ ಅನೇಕ ಮನೆಗಳನ್ನು ನಡೆಸುತ್ತಿರುವುದು ಹಾಲು. ಅದಕ್ಕೆ ಬೇಕಾದದ್ದು ಮಿಶ್ರತಳಿಯ ಹಸು. 2012ಕ್ಕೂ 2019ಕ್ಕೂ ನಡುವೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿಯ ದನಗಳು ಶೇ 26.9ರಷ್ಟು ಹೆಚ್ಚಿದರೆ, ನಾಟಿ ದನಗಳು ಶೇ 6ರಷ್ಟು ಕಡಿಮೆಯಾದುದನ್ನು ಜಾನುವಾರು ಗಣತಿ ತೋರಿಸಿತು. ಮಿಶ್ರತಳಿಯ ಹಸುವಿನ ಮಾರಾಟಕ್ಕೆ ವರ್ಷಕ್ಕೊಮ್ಮೆ ಬರುವ ಜಾತ್ರೆಗಾಗಿ ಯಾರೂ ಕಾಯುವುದಿಲ್ಲ.

ಮೂರನೆಯದು ರೋಗಭಯ. 2020 ಮತ್ತು 2021ರಲ್ಲಿ ಕೋವಿಡ್ ಜನಸಂದಣಿಯನ್ನು ತಡೆಯಿತು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವೆಡೆ ದನಗಳ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿತ್ತು. ರೋಗ ತಡೆಯಲು ಅದು ಅಗತ್ಯವೇ ಆಗಿತ್ತು. ಆದರೆ ಒಂದೆರಡು ವರ್ಷ ರೂಢಿ ತಪ್ಪಿದರೆ ದನ ಹೊಡೆದುಕೊಂಡು ಬರುವ ಮನೆಗಳು ಮರುವರ್ಷ ಬಂದೇ ಬರುತ್ತವೆಂಬ ಭರವಸೆಯಿಲ್ಲ.

ಹಾಗೆಂದು ಹಳ್ಳಿಕಾರ್‌ಗೆ ಬೇಡಿಕೆ ಪೂರ್ತಿ ಅಳಿದಿಲ್ಲ. ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯಿದೆಯನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ ಓಟದ ಹೋರಿಗಳಿಗೆ, ಪ್ರದರ್ಶನದ ಜೋಡಿಗಳಿಗೆ ಹೊಸ ಆಸಕ್ತಿ ಹುಟ್ಟಿದೆ. ಆದರೆ ಲಕ್ಷಗಟ್ಟಲೆ ಬೆಲೆಯ ಕೆಲವೇ ಜೋಡಿಗಳ ವ್ಯಾಪಾರ ಬೇರೆ, ನೂರಾರು ಸಣ್ಣ ರೈತರು ತಮ್ಮ ಹೊಲಕ್ಕೆಂದು ಎತ್ತು ಕೊಳ್ಳುವ ಜಾತ್ರೆ ಬೇರೆ.

ಗಣಿ ಕಲಿಸುವ ಪಾಠ

ಹತ್ತು ಮೈಲಿ ದೂರದ ಕೆಜಿಎಫ್ ಇದಕ್ಕೆ ಎಚ್ಚರಿಕೆಯ ಮಾತೊಂದನ್ನು ಸೇರಿಸುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೇತಮಂಗಲದಿಂದ ನೀರು ಬಂತು. ಚಾಂಪಿಯನ್ ರೀಫ್‌ನಲ್ಲಿ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. 120 ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ತೆಗೆದು, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಂದೇ ಕಸುಬನ್ನು ನಂಬಿ ಬೆಳೆದ ಪಟ್ಟಣ ಅದು ನಿಂತಾಗ ಎಷ್ಟು ಕಷ್ಟಪಟ್ಟಿತೆಂಬುದನ್ನು ಕೆಜಿಎಫ್‌ನಿಂದ ಬಂಗಾರಪೇಟೆಯ ದಾರಿಯಲ್ಲಿ ಬೆಂಗಳೂರಿಗೆ ಕೆಲಸಕ್ಕಾಗಿ ದಿನವೂ ರೈಲು ಹತ್ತುವ ಜನ ಬಲ್ಲರು.

ಆವಣಿಗೆ ಎರಡು ಆಧಾರಗಳಿದ್ದವು. ಒಂದು ಬಡವಾದರೂ ಇನ್ನೊಂದು ಊರನ್ನು ಹಿಡಿದು ನಿಲ್ಲಿಸಿದೆ. ಆದರೆ ದನಗಳ ಜಾತ್ರೆ ಪೂರ್ತಿ ಕರಗಿದರೆ ಉಳಿಯುವುದು ಒಂದು ದಿನದ ತೇರು, ಒಂದು ಹೊತ್ತಿನ ಪ್ರವಾಸ. ಹತ್ತು ದಿನ ಬೀಡುಬಿಟ್ಟು ಮೂರು ಭಾಷೆಯವರು ಒಂದೇ ಕೆರೆಯ ನೀರು ಕುಡಿಯುವ ಬಳಕೆ ಹೋಗುತ್ತದೆ. ಅದನ್ನು ತಡೆಯುವುದಕ್ಕೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ದನಗಳಿಗೆ ನೀರಿನ ತೊಟ್ಟಿ, ನೆರಳು, ಮೇವು. ಜಾತ್ರೆಗೆ ಮುನ್ನ ಲಸಿಕೆ, ಜಾತ್ರೆಯಲ್ಲಿ ಪಶುವೈದ್ಯರು. ದೂರದಿಂದ ಬರುವ ರೈತನಿಗೆ ರಾತ್ರಿ ತಂಗಲು ಜಾಗ. ಇವು ಹಳೆಯ ಕಾಲದಲ್ಲೂ ಜಾತ್ರೆಯನ್ನು ಉಳಿಸಿದ್ದ ಸಂಗತಿಗಳೇ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ ಕೆರೆಯ ಮಾತು ಈ ಸೀಮೆಯಲ್ಲಿ ಮತ್ತೆ ಮುನ್ನೆಲೆಗೆ ಬಂದಿದೆ. ಗುಡಿಯ ಜೊತೆಗೆ ಕೆರೆಯನ್ನೂ ಕಟ್ಟಿಸಿದ ತ್ರಿಭುವನಕರ್ತನ ಲೆಕ್ಕ ಸಾವಿರ ವರ್ಷಗಳ ನಂತರವೂ ತಪ್ಪಿಲ್ಲ.

ತೇರನ್ನು ಎಳೆಯುವ ಹಗ್ಗಕ್ಕೆ ಇಂದಿಗೂ ಕೈಗಳ ಕೊರತೆಯಿಲ್ಲ. ಮೂಗುದಾರ ಹಿಡಿದು ಬರುವ ಕೈಗಳನ್ನೂ ಉಳಿಸಿಕೊಂಡರೆ ಆವಣಿ ಜಾತ್ರೆ ತನ್ನ ಹಳೆಯ ಅರ್ಥದಲ್ಲೇ ಜಾತ್ರೆಯಾಗಿ ಮುಂದುವರಿಯುತ್ತದೆ.

ಹೋಗುವುದು ಹೇಗೆ?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ಸಾಗಿ ಆವಣಿಗೆ ತಿರುಗಬಹುದು. ರೈಲಿನಲ್ಲಿ ಬರುವವರಿಗೆ ಬಂಗಾರಪೇಟೆ ಜಂಕ್ಷನ್ ಅನುಕೂಲ; ಅಲ್ಲಿಂದ ಕೆಜಿಎಫ್‌ಗೆ ಕವಲು ಮಾರ್ಗವಿದೆ. ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ-ಬೇತಮಂಗಲ ಭಾಗ 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡ ಮೇಲೆ ಆ ದಾರಿಯೂ ಹತ್ತಿರವಾಗಿದೆ. ಬೆಟ್ಟ ಹತ್ತುವವರು ಬಿಸಿಲೇರುವ ಮುನ್ನ ಹೊರಡುವುದು, ಕುಡಿಯುವ ನೀರು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಜಾತ್ರೆ ನೋಡಬಯಸುವವರು ತೇರಿನ ದಿನಕ್ಕಿಂತ ಒಂದೆರಡು ದಿನ ಮುಂಚೆಯೇ ಹೋದರೆ ದನಗಳ ಸಾಲನ್ನೂ, ಟವೆಲಿನ ಮರೆಯ ವ್ಯಾಪಾರವನ್ನೂ ಸಾವಧಾನವಾಗಿ ಕಾಣಬಹುದು. ಕುರುಡುಮಲೆಯ ಗಣಪತಿ, ಸೋಮೇಶ್ವರ ದೇಗುಲಗಳು ಹಾಗೂ ಬಂಗಾರು ತಿರುಪತಿ ಸಮೀಪದಲ್ಲೇ ಇವೆ.